ಹೋಮ್‌ರನ್ ವೀರರೆಲ್ಲ ಎಡಗೈನವರು, ಯಾವ ಪಾರ್ಕ್ ಇಡಲಿ?

ಕುಕ್ಕರಹಳ್ಳಿ ಕ್ಯಾಚರ್, ಮೈಸೂರು
ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ಗೆಳೆಯರೆಲ್ಲ ಸೇರಿ ಲೀಗ್ ಕಟ್ಟಿದ್ದೇವೆ. ನನ್ನ ತಂಡ ಮೈಸೂರು ಅಂಬಾರಿ (ನಗಬೇಡಿ). ಹೋಮ್‌ರನ್ (ನಮ್ಮ ಸಿಕ್ಸರ್ ಥರ, ಚೆಂಡು ಗೋಡೆಯಾಚೆ) ಹೊಡೆಯುವ ನಾಲ್ವರೂ ಎಡಗೈ ಬ್ಯಾಟರ್‌ಗಳು. ಪಿಚರ್‌ಗಳೆಲ್ಲ (ಚೆಂಡು ಎಸೆಯುವವರು) ಗ್ರೌಂಡ್‌ಬಾಲ್ ಗಿರಾಕಿಗಳು, ಅಂದರೆ ಚೆಂಡನ್ನು ನೆಲಕ್ಕೇ ಹೊಡೆಸುವವರು. ಪಾರ್ಕ್ ಅಂದರೆ ನಮ್ಮ ಮನೆ ಮೈದಾನ; ಅಲ್ಲಿ ಯಾವ ಹೊಡೆತ ಎಷ್ಟು ಸುಲಭ ಅಂತ ಗೇಮ್‌ನಲ್ಲಿ ಅಂಕಿ ಹಾಕಬೇಕು. ಡೆನ್ವರ್‌ನ ಕೂರ್ಸ್ ಫೀಲ್ಡ್ ಅಂಕಿ ಹಾಕಲಾ, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂದು ಹಾಕಲಾ?

ಸಕ್ಕರೆನಾಡ ಸ್ಲಗ್ಗರ್, ಮಂಡ್ಯ
ಕೂರ್ಸ್ ಬೇಡ ಗುರುಗಳೇ. ಅದು ಸುಮಾರು 5,200 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ, ಕರ್ವ್‌ಬಾಲ್ ಸರಿಯಾಗಿ ತಿರುಗಲ್ಲ. ನಿಜ, ಆದರೆ ಎದುರಾಳಿಗೂ ಅದೇ ಗಾಳಿ ಅಲ್ವಾ? ಸೀಸನ್‌ನ 162ರಲ್ಲಿ 81 ಪಂದ್ಯ ನಿಮ್ಮ ಮನೆಯಲ್ಲಿ. ಅಷ್ಟರಲ್ಲೂ ಅವರಿಗೂ ರನ್ ಸುರಿಯುತ್ತದೆ. ರಣಜಿಯಲ್ಲಿ ಸ್ಪಿನ್ ಪಿಚ್ ಮಾಡಿಸುವುದು ಎದುರಿನವರ ಹತ್ತಿರ ಒಳ್ಳೆ ಸ್ಪಿನ್ನರ್ ಇಲ್ಲದಾಗ ತಾನೇ?

ಒಟ್ಟು ರನ್ ನೋಡಬೇಡಿ, ಯಾರಿಗೆ ಜಾಸ್ತಿ ಅಂತ ನೋಡಿ. ಯಾಂಕೀ ಸ್ಟೇಡಿಯಂನಲ್ಲಿ ಬ್ಯಾಟರ್ ನಿಲ್ಲುವಲ್ಲಿಂದ ಬಲತುದಿಯ ಗೋಡೆಗೆ ಬರೀ 314 ಅಡಿ. ಎಡಗೈನವನು ಎಳೆದು ಹೊಡೆದರೆ ಚೆಂಡು ಅಲ್ಲಿಗೇ ಹೋಗುತ್ತದೆ. ಗೇಮ್‌ನಲ್ಲಿ ಹೋಮ್‌ರನ್ ಅಂಕಿ ಎಡಗೈಗೆ ಬೇರೆ, ಬಲಗೈಗೆ ಬೇರೆ ಇದೆ. ಎಡಗೈದು ಮಾತ್ರ ಏರಿಸಿ, ಬಲಗೈದು 1.000ದಲ್ಲೇ (ಸರಾಸರಿ) ಇರಲಿ. ನಿಮ್ಮ ಪಿಚರ್‌ಗಳು ನೆಲಕ್ಕೇ ಹೊಡೆಸುವುದರಿಂದ ಎದುರಾಳಿಯ ಎಡಗೈನವರಿಗೂ ಆ ಲಾಭ ಪೂರ್ತಿ ಸಿಗಲ್ಲ.

ಗಂಜಾಂ ಗ್ಲೋವ್
ಅಡಿ ಲೆಕ್ಕ ಒಂದೇ ಸಾಲದು. ಸ್ಯಾನ್ ಫ್ರಾನ್ಸಿಸ್ಕೋದ ಓರಾಕಲ್ ಪಾರ್ಕ್‌ನಲ್ಲಿ ಬಲತುದಿ 309 ಅಡಿ, ಇನ್ನೂ ಹತ್ತಿರ. ಆದರೆ ಗೋಡೆ 24 ಅಡಿ, ಅದರ ಪಕ್ಕದಲ್ಲಿ ಗೋಡೆ ತುಂಬಾ ದೂರ ಸರಿದುಬಿಡುತ್ತದೆ. ಎಡಗೈನವರಿಗೆ ಅದು ನರಕ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡಗಡೆ 37 ಅಡಿ ಎತ್ತರದ ಗೋಡೆ, ಬಲಗೈನವರ ಹೊಡೆತ ಬಡಿದು ಡಬಲ್ (ಎರಡು ಬೇಸ್ ಓಡುವ ಹೊಡೆತ) ಆಗುತ್ತದೆ.

ಕುಕ್ಕರಹಳ್ಳಿ ಕ್ಯಾಚರ್
ಈ ನಾಲ್ವರು ಮುದುಕರಾದ ಮೇಲೆ? ಓಟಗಾರರ ತಂಡ ಕಟ್ಟುವ ಆಸೆಯೂ ಇದೆ.

ಸಕ್ಕರೆನಾಡ ಸ್ಲಗ್ಗರ್
ಧಾರಾಳವಾಗಿ ಕಟ್ಟಿ. 1985ರ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬರೀ 87 ಹೋಮ್‌ರನ್ ಹೊಡೆದು, 314 ಬೇಸ್ ಕದ್ದು (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಿ), 101 ಪಂದ್ಯ ಗೆದ್ದರು. ಅವರದು ದೊಡ್ಡ ಮೈದಾನ, ಕೃತಕ ಹುಲ್ಲು. ಆಗ ಹೋಮ್‌ರನ್ ಅಂಕಿ ಇಳಿಸಿ, ಟ್ರಿಪಲ್ (ಮೂರು ಬೇಸ್ ಓಡುವ ಹೊಡೆತ) ಏರಿಸಿ.

ಸದ್ಯಕ್ಕೆ ಬಲಗೈನವರು ಒಬ್ಬಿಬ್ಬರನ್ನು ತನ್ನಿ. ಇಲ್ಲದಿದ್ದರೆ ಎಲ್ಲರೂ ನಿಮ್ಮ ಮೇಲೆ ಎಡಗೈ ಪಿಚರ್‌ಗಳನ್ನೇ ಬಿಡುತ್ತಾರೆ, ಎಡಗೈ ಬ್ಯಾಟರ್‌ಗಳಿಗೆ ಅವರ ಎಸೆತ ಕಷ್ಟ. ಮತ್ತೆ ಆ ನಾಲ್ವರಲ್ಲಿ ಹಿರಿಯನನ್ನು 40 ಹೋಮ್‌ರನ್ ಹೊಡೆದ ವರ್ಷವೇ ಮಾರಿಬಿಡಿ. ಕೊಳ್ಳುವವರು ಪಾರ್ಕ್ ನೋಡಲ್ಲ, ಹೋಮ್‌ರನ್ ನೋಡುತ್ತಾರೆ. ನನಗೆ ಮಾತ್ರ ಮಾರಬೇಡಿ.