ಪದಚರ್ಚೆ: ಅಗ್ನಿಶಾಮಕ ‘ಲೆವಿ’ಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಅಚ್ಚಿಗೆ ಹೋಗಬೇಕಿದೆ)

ಮೆಲ್ಬರ್ನಿನಿಂದ

ಪದಚರ್ಚೆಯ ಹಿರಿಯರಿಗೆಲ್ಲ ನಮಸ್ಕಾರ. ಅಗ್ನಿಶಾಮಕ ಸೇವೆಗೆಂದು ಮನೆಮಾಲೀಕರಿಂದ ಪಡೆಯುವ ಹಣವನ್ನು ಸರ್ಕಾರ ಏರಿಸಿರುವುದರ ಬಗ್ಗೆ ನಮ್ಮ ಬಡಾವಣೆಯ ನಿವಾಸಿಗಳ ಗುಂಪೊಂದು ಜನಾಭಿಪ್ರಾಯ ಕೇಳುತ್ತಿದ್ದು, ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲವೂ ಮುಗಿದಿದೆ, ‘ಲೆವಿ’ ಎಂಬ ಒಂದೇ ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹಿನ್ನೆಲೆ ಹೀಗಿದೆ. ವಿಕ್ಟೋರಿಯಾ ರಾಜ್ಯದಲ್ಲಿ ಮೊದಲು ಈ ಹಣವನ್ನು ವಿಮೆಯ ಕಂತಿನೊಂದಿಗೆ ಸೇರಿಸಿ ವಸೂಲು ಮಾಡುತ್ತಿದ್ದರು. ಮನೆಗೆ ವಿಮೆ ಮಾಡಿಸದವನು ಒಂದು ಕಾಸನ್ನೂ ಕೊಡದಿದ್ದರೂ ಬೆಂಕಿ ಬಿದ್ದಾಗ ಅವನ ಮನೆಗೂ ಅದೇ ವಾಹನ ಹೋಗುತ್ತಿತ್ತು. 2009ರ ಫೆಬ್ರವರಿಯಲ್ಲಿ 173 ಜನರನ್ನು ಬಲಿ ತೆಗೆದುಕೊಂಡ ಕಾಳ್ಗಿಚ್ಚಿನ ವಿಚಾರಣೆ ನಡೆಸಿದ ರಾಯಲ್ ಕಮಿಷನ್, ಈ ಪದ್ಧತಿಯನ್ನು ಕೈಬಿಟ್ಟು ಹಣವನ್ನು ಆಸ್ತಿಯ ಮೇಲೆ ವಿಧಿಸಬೇಕೆಂದು ಶಿಫಾರಸು ಮಾಡಿತು. ಅದರಂತೆ 2013ರ ಜುಲೈ 1ರಿಂದ ‘ಫೈರ್ ಸರ್ವಿಸಸ್ ಪ್ರಾಪರ್ಟಿ ಲೆವಿ’ ಎಂಬ ಹೆಸರಿನಲ್ಲಿ ಅದು ಸ್ಥಳೀಯ ಕೌನ್ಸಿಲ್ ಕಳುಹಿಸುವ ಮನೆ ಕಂದಾಯದ ಚೀಟಿಯಲ್ಲಿ ಒಂದು ಸಾಲಾಗಿ ಸೇರಿಕೊಂಡಿತು. 2025ರ ಜುಲೈ 1ರಿಂದ ಅದರ ಜಾಗಕ್ಕೆ ‘ಎಮರ್ಜೆನ್ಸಿ ಸರ್ವಿಸಸ್ ಅಂಡ್ ವಾಲಂಟಿಯರ್ಸ್ ಫಂಡ್’, ಅಂದರೆ ತುರ್ತು ಸೇವೆಗಳ ಮತ್ತು ಸ್ವಯಂಸೇವಕರ ನಿಧಿ, ಬಂದಿದೆ. ವಾಸದ ಮನೆಗೆ ಆಸ್ತಿಮೌಲ್ಯದ ಪ್ರತಿ ಸಾವಿರ ಡಾಲರಿಗೆ 8.7 ಸೆಂಟ್ ಇದ್ದ ದರ 17.3 ಸೆಂಟ್ ಆಗಿದೆ. ಇದಲ್ಲದೆ ಎಲ್ಲರೂ ಕಟ್ಟುವ ನಿಗದಿತ ಮೊತ್ತವೊಂದಿದೆ.

ಸರ್ಕಾರ ಇದನ್ನು ‘ಲೆವಿ’ ಎನ್ನುತ್ತದೆ, ‘ನಿಧಿ’ ಎನ್ನುತ್ತದೆ, ‘ಟ್ಯಾಕ್ಸ್’ ಎಂದು ಮಾತ್ರ ಎನ್ನುವುದಿಲ್ಲ. ವಿರೋಧಿಸುವವರು ‘ಟ್ಯಾಕ್ಸ್’ ಎಂಬುದನ್ನು ಬಿಟ್ಟು ಬೇರೆ ಪದ ಬಳಸುವುದಿಲ್ಲ. 2025ರ ಮೇ ತಿಂಗಳಲ್ಲಿ ರೈತರೂ ಸ್ವಯಂಸೇವಕ ಅಗ್ನಿಶಾಮಕರೂ ತಮ್ಮ ವಾಹನಗಳೊಂದಿಗೆ ಶಾಸನಸಭೆಯ ಮುಂದೆ ನೆರೆದರು. ಹಳ್ಳಿಗಾಡಿನಲ್ಲಿ ಬೆಂಕಿ ಆರಿಸಲು ಹೋಗುವವರೂ ನಾವೇ, ಅದಕ್ಕೆ ಹಣ ಕಟ್ಟುವವರೂ ನಾವೇ ಎಂಬುದು ಅವರ ದೂರು. ಕೃಷಿ ಜಮೀನಿನ ದರದ ಏರಿಕೆಯನ್ನು ಆ ವರ್ಷದ ಮಟ್ಟಿಗೆ ತಡೆಹಿಡಿಯಲಾಯಿತು.

ಹೀಗಿರುವಾಗ ನಾನು ‘ತೆರಿಗೆ’ ಎಂದು ಬರೆದರೆ ಒಂದು ಪಕ್ಷಕ್ಕೆ ಸೇರಿದಂತಾಗುತ್ತದೆ, ‘ನಿಧಿ’ ಎಂದರೆ ಇನ್ನೊಂದಕ್ಕೆ. ಇದು ಬರಿಯ ಊಹೆಯಲ್ಲ. ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದ ಅಮ್ಮನಿಗೆ ಎರಡು ಬಗೆಯಲ್ಲಿ ಪ್ರಶ್ನೆ ಓದಿ ಹೇಳಿದೆ. “ಅಗ್ನಿಶಾಮಕ ತೆರಿಗೆಯನ್ನು ಏರಿಸುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?” ಎಂದಾಗ ಅವರು ತಲೆಯನ್ನೂ ಎತ್ತದೆ, “ತೆರಿಗೆ ಏರಿಸ್ತೀವಿ ಅಂದ್ರೆ ಯಾರಾದ್ರೂ ಹೂಂ ಅಂತಾರೇನೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ‘ವಂತಿಗೆ’ ಎಂದು ಬದಲಿಸಿ ಕೇಳಿದರೆ, “ಬೆಂಕಿ ಆರಿಸೋರಿಗೆ ತಾನೆ, ಕೊಡೋಣ ಬಿಡು” ಎಂದರು. ಒಬ್ಬರೇ ಮನುಷ್ಯರು, ಒಂದೇ ಮಧ್ಯಾಹ್ನ, ಎರಡು ಜನಾಭಿಪ್ರಾಯ! ಯಾರ ಕಡೆಗೂ ವಾಲದ ಪದವೊಂದನ್ನು ದಯವಿಟ್ಟು ಸೂಚಿಸಿ.

ಬೆಂಗಳೂರಿನಿಂದ

ಹುಡುಕಾಟವೇ ಬೇಕಿಲ್ಲ, ಪದ ನಮ್ಮ ಹಳೆಯ ಶಿಲಾಶಾಸನಗಳಲ್ಲಿಯೇ ಇದೆ. ಮನೆದೆರೆ, ಗಾಣದೆರೆ, ಮಗ್ಗದೆರೆ ಎಂಬ ಮಾದರಿಯಲ್ಲಿ ‘ಬೆಂಕಿದೆರೆ’ ಎನ್ನಿ. ‘ತೆರೆ’ ಎಂದರೆ ತೆರಿಗೆ, ಅದರ ಮೂಲವಾದ ‘ತೆರು’ ಎಂಬುದು ಅಚ್ಚಗನ್ನಡದ ಧಾತು. ದಂಡ ತೆತ್ತ, ಬೆಲೆ ತೆತ್ತ, ಪ್ರಾಣ ತೆತ್ತ ಎಂದು ಇಂದಿಗೂ ಬಳಸುತ್ತೇವೆ. ಅಗ್ನಿ, ಶಾಮಕ ಎಂಬ ಎರಡು ಸಂಸ್ಕೃತದ ಹೊರೆಗಳನ್ನು ಹೊತ್ತುಕೊಂಡು ಆಸ್ಟ್ರೇಲಿಯದವರೆಗೆ ಹೋಗುವ ಅಗತ್ಯವಾದರೂ ಏನು? ಬೆಂಕಿಗೆ ಬೆಂಕಿ ಎನ್ನಲು ಕನ್ನಡಿಗನಿಗೆ ಏಕೆ ಇಷ್ಟು ನಾಚಿಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ದಾವಣಗೆರೆಯಿಂದ

‘ಬೆಂಕಿದೆರೆ’ ಎಂದರೆ ಇಂದಿನ ಓದುಗ ಬೆಂಕಿಯ ಅಲೆ ಎಂದು ತಿಳಿದು ಮನೆಯಿಂದ ಹೊರಗೆ ಓಡುತ್ತಾನೆ. ಶಾಸನಗಳಿಗೇ ಹೋಗುವುದಾದರೆ ಚಿಲ್ಲರೆ ಸುಂಕಗಳಿಗೆ ಅಲ್ಲಿ ‘ಕಿರುಕುಳ’ ಎಂಬ ಹೆಸರೂ ಇದೆ. ಅದನ್ನೇ ಹಾಕಿಬಿಡಿ, ವಿರೋಧ ಪಕ್ಷದವರು ಹಾರ ಹಾಕುತ್ತಾರೆ.

ಕೇಳಿದವರಿಗೆ ನನ್ನ ಎಚ್ಚರಿಕೆಯೊಂದೇ: ‘ಲೆವಿ’ಯನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಇಳಿಸಬೇಡಿ. ನಮ್ಮ ಕಡೆಯ ಹಿರಿಯರಿಗೆ ಲೆವಿ ಎಂದರೆ ಭತ್ತ. ಬೆಳೆದದ್ದರಲ್ಲಿ ಸರ್ಕಾರ ಗೊತ್ತುಮಾಡಿದಷ್ಟು ಪಾಲನ್ನು ಸರ್ಕಾರವೇ ಗೊತ್ತುಮಾಡಿದ ದರಕ್ಕೆ ಕೊಡಬೇಕಾಗಿದ್ದ ಕಾಲದಲ್ಲಿ ನಮ್ಮ ತಂದೆಯವರು ಗಾಡಿ ಕಟ್ಟಿಕೊಂಡು ಲೆವಿ ಅಳೆದು ಬರುತ್ತಿದ್ದರು. ಹಿಂತಿರುಗಿದ ದಿನ ಅವರು ಮನೆಯಲ್ಲಿ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಆ ತಲೆಮಾರಿನವರ ಕೈಗೆ ‘ಲೆವಿ’ ಎಂದು ಬರೆದ ಕಾಗದ ಕೊಟ್ಟರೆ ಉತ್ತರ ಏನೆಂದು ನಾನೇ ಹೇಳಬಲ್ಲೆ.

ಧಾರವಾಡದಿಂದ

‘ಫೈರ್ ಟ್ಯಾಕ್ಸ್’ ಎಂದು ಬರೆಯಿರಿ. ಅಲ್ಲಿರುವವರು ಮಾತನಾಡುವಾಗ ಅದನ್ನೇ ಬಳಸುತ್ತಾರೆ. ಬಸ್ಸು, ಪೊಲೀಸು, ಬಿಲ್ಲು ಒಳಗೆ ಬಂದು ಕುಳಿತಿರುವಾಗ ‘ಟ್ಯಾಕ್ಸ್’ ಎಂಬ ಪದಕ್ಕೆ ಮಾತ್ರ ಬಾಗಿಲು ಹಾಕುವುದರಲ್ಲಿ ಯಾವ ನ್ಯಾಯವೂ ಕಾಣುವುದಿಲ್ಲ. ವಸೂಲಿ, ಜಮಾ, ಬಾಕಿ, ಖಜಾನೆ ಇವೆಲ್ಲ ಹಳಗನ್ನಡವೇ?

ಬೆಂಗಳೂರಿನಿಂದ

ಹಿಂದೆ ಬಂದವು ಬಂದವು, ಇನ್ನು ಬರುವುದಕ್ಕಾದರೂ ತಡೆ ಬೇಡವೇ? ತಮ್ಮ ವಾದದಂತೆ ನಡೆದರೆ ಈ ಗುಂಪಿನ ಹೆಸರನ್ನೇ ‘ವರ್ಡ್ ಡಿಸ್ಕಷನ್’ ಎಂದು ಬದಲಿಸಬೇಕಾದೀತು.

ಧಾರವಾಡದಿಂದ

ಬದಲಿಸಿದರೂ ಚರ್ಚೆಯ ಮಟ್ಟ ಇದೇ ಇರುತ್ತದೆ.

ಮೈಸೂರಿನಿಂದ

ಅವರಿಗೆ ನಾಳೆ ಅಚ್ಚಿಗೆ ಕೊಡಬೇಕಿದೆ, ನೀವಿಬ್ಬರೂ ನಿಮ್ಮ ಹಳೆಯ ವ್ಯಾಜ್ಯವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ನಮ್ಮ ಕಾನೂನಿನ ಕನ್ನಡದಲ್ಲಿ ‘ಲೆವಿ’ ಬಹುಮಟ್ಟಿಗೆ ಕ್ರಿಯಾಪದವಾಗಿ ಬಂದು ‘ವಿಧಿಸು’ ಆಗುತ್ತದೆ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆಯನ್ನು ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎನ್ನುವ ಸಂವಿಧಾನದ 265ನೆಯ ಅನುಚ್ಛೇದವನ್ನು ನೆನೆಯಿರಿ. ಅದೇ ಪದ ನಾಮಪದವಾದಾಗ ತೊಡಕು ಹುಟ್ಟುತ್ತದೆ. ಗೊತ್ತಾದ ಒಂದು ಉದ್ದೇಶಕ್ಕೆಂದು ಮೂಲ ತೆರಿಗೆಯ ಜೊತೆಗೆ ಪಡೆಯುವ ಹಣಕ್ಕೆ ನಾವು ‘ಉಪಕರ’ ಎನ್ನುತ್ತೇವೆ, ಆಡುಮಾತಿನಲ್ಲಿ ಸೆಸ್ಸು. ಬೆಂಗಳೂರಿನ ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3 ಎಂದು ಉಪಕರ ಕಟ್ಟಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಉಪಕರ ಮೂಲ ತೆರಿಗೆಯ ಇಷ್ಟು ಪಾಲು ಎಂದು ಲೆಕ್ಕವಾಗುತ್ತದೆ, ಅಲ್ಲಿಯದು ಕಂದಾಯದ ಮೊತ್ತವನ್ನು ನೋಡದೆ ನೇರವಾಗಿ ಆಸ್ತಿಮೌಲ್ಯದ ಮೇಲೆ ಕೂರುತ್ತದೆ. ಆದ್ದರಿಂದ ‘ಉಪ’ವನ್ನು ಬಿಟ್ಟು ‘ಕರ’ವೊಂದನ್ನೇ ಉಳಿಸಿಕೊಳ್ಳಬಹುದು.

‘ವಂತಿಗೆ’ ಸೊಗಸಾದ ಪದವೆಂಬುದರಲ್ಲಿ ಸಂದೇಹವಿಲ್ಲ. ವಂತು ಎಂದರೆ ಪಾಲು, ಊರಿನವರೆಲ್ಲ ತಮ್ಮ ತಮ್ಮ ಪಾಲು ಹಾಕುವುದು ವಂತಿಗೆ. ಆದರೆ ಜಾತ್ರೆಯ ವಂತಿಗೆ ಕೊಡದವನನ್ನು ಊರು ಆಡಿಕೊಳ್ಳುತ್ತದೆಯೇ ಹೊರತು ಅವನ ಮೇಲೆ ಬಡ್ಡಿ ಹಾಕುವುದಿಲ್ಲ. ಇಲ್ಲಿ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಕಡ್ಡಾಯವನ್ನು ಔದಾರ್ಯದಂತೆ ತೋರಿಸುವ ಪದವನ್ನು ಪ್ರಶ್ನಾವಳಿಯಲ್ಲಿ ಬಳಸುವುದು ಮೋಸ.

ಶಿರಸಿಯಿಂದ

ಇಂಗ್ಲಿಷಿನ ‘ಲೆವಿ’ಯ ಮೂಲದಲ್ಲಿ ‘ಎತ್ತುವುದು’ ಎಂಬ ಅರ್ಥವಿದೆ. ನಾವೂ ಚಂದಾ ಎತ್ತುತ್ತೇವೆ, ವಂತಿಗೆ ಎತ್ತುತ್ತೇವೆ. ‘ಎತ್ತುವಳಿ’ ಎಂದರೆ ಹೇಗೆ?

ದಾವಣಗೆರೆಯಿಂದ

ಹಫ್ತಾವನ್ನೂ ಎತ್ತುತ್ತಾರೆ. ಜೊತೆಗೆ ಎತ್ತುವಳಿ ಎಂದರೆ ಗೋದಾಮಿನಿಂದ ಪಡಿತರ ಎತ್ತುವುದು. ಮತ್ತೆ ಅಕ್ಕಿಗೇ ಬಂದಿರಿ.

ಮೆಲ್ಬರ್ನಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನವರ ಮಾತಿನಂತೆ ‘ವಂತಿಗೆ’ಯನ್ನು ಕೈಬಿಟ್ಟಿದ್ದೇನೆ, ಮನಸ್ಸಿಗೆ ಸ್ವಲ್ಪ ನೋವಾಗಿದೆ. ‘ಮನೆ ಕಂದಾಯದ ಜೊತೆಗೆ ಕಟ್ಟಬೇಕಾದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಕರ’ ಎಂದು ಬರೆದು ಅಮ್ಮನಿಗೆ ಮೂರನೆಯ ಬಾರಿ ಓದಿ ಹೇಳಿದೆ. ಈ ಸಲ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, “ಎಷ್ಟು?” ಎಂದು ಕೇಳಿದರು. ನನಗೆ ಬೇಕಾಗಿದ್ದುದು ಇದೇ. ಮೂಲ ಪ್ರಶ್ನೆಯಲ್ಲಿ ಮೊತ್ತವೇ ಇರಲಿಲ್ಲ. ನಿವಾಸಿಗಳ ಗುಂಪಿನವರನ್ನು ಒಪ್ಪಿಸಿ, ಏಳು ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ ಸುಮಾರು 193 ಡಾಲರ್ ಇದ್ದುದು 257 ಡಾಲರ್ ಆಗುತ್ತದೆ ಎಂಬ ಸಾಲನ್ನು ಎಲ್ಲ ಭಾಷೆಗಳ ಪ್ರತಿಯಲ್ಲೂ ಸೇರಿಸಲಾಗಿದೆ. ಕಡತ ಈಗಷ್ಟೇ ಅಚ್ಚಿಗೆ ಹೋಯಿತು.

ಬೆಂಗಳೂರಿನಿಂದ

ಕರ ಎಂದರೆ ಕೈ ಎಂಬ ಅರ್ಥವೂ ಇದೆ, ಅದು ಹೋಗಲಿ. ‘ಅಗ್ನಿಶಾಮಕ’ವನ್ನಾದರೂ ತೆಗೆಯಬಹುದಿತ್ತು.