ಎರಡನೇ ಕ್ಲಾಸಿನ ಮಗಳಿಗೆ ಆಕಾರ ತಿರುಗಿಸುವ ಟ್ಯಾಬ್ ಕ್ಲಾಸು ಬೇಕಾ?

ಪೆರ್ಲದ ಅಮ್ಮ:
ನಮಸ್ಕಾರ. ಮಗಳು ಕನ್ನಡ ಮೀಡಿಯಂ, ಎರಡನೇ ಕ್ಲಾಸು. 4+7 ಎಷ್ಟು ಅಂದರೆ ಪಟ್ಟಂತ ಹೇಳುತ್ತಾಳೆ. ಆದರೆ 4+__=11 ಅಂತ ಬರೆದುಕೊಟ್ಟರೆ ಖಾಲಿ ಜಾಗದಲ್ಲಿ 15 ಬರೆದುಬಿಡುತ್ತಾಳೆ. ದಿನಾ ಇದೇ ಆಗಿದೆ. ಪೇಟೆಯಲ್ಲಿ ಒಂದು ಕಡೆ ಟ್ಯಾಬ್‌ನಲ್ಲಿ ಆಕಾರ ತಿರುಗಿಸುವ ಆಟ ಆಡಿಸುತ್ತಾರೆ, ಮೂರು ತಿಂಗಳಲ್ಲಿ ಗಣಿತ ಸುಲಭ ಆಗುತ್ತದೆ ಅನ್ನುತ್ತಾರೆ. ಫೀಸು ಜಾಸ್ತಿ. ಆಕಾರ ತಿರುಗಿಸುವುದಕ್ಕೂ ಕೂಡಿಸುವ ಲೆಕ್ಕಕ್ಕೂ ಏನು ಸಂಬಂಧ, ಗೊತ್ತಿದ್ದವರು ಹೇಳಿ.

ನೀರ್ಚಾಲು ಬಿ.ಎಡ್.:
ಸಂಬಂಧ ಇದೆ ಅಕ್ಕ, ನಿಮ್ಮ ಮಗಳು ತಪ್ಪುವ ಲೆಕ್ಕಕ್ಕೇ ಇದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಚೆಂಗ್ ಮತ್ತು ಮಿಕ್ಸ್ ಅನ್ನುವ ಇಬ್ಬರು ಸಂಶೋಧಕರು 6ರಿಂದ 8 ವರ್ಷದ ಮಕ್ಕಳ ಒಂದು ಗುಂಪಿಗೆ, ಎರಡು ತುಂಡು ಸೇರಿಸಿದರೆ ಯಾವ ಆಕಾರ ಬರುತ್ತದೆ ಅಂತ ಮನಸ್ಸಿನಲ್ಲೇ ತಿರುಗಿಸಿ ಹೇಳಲು ಕಲಿಸಿದರು. 40 ನಿಮಿಷ, ಅಷ್ಟೇ. ಇನ್ನೊಂದು ಗುಂಪಿಗೆ ಪದಬಂಧ ಕೊಟ್ಟರು. ಆಮೇಲೆ ನೋಡಿದರೆ ಮೊದಲ ಗುಂಪು ಮುಂದೆ ಬಂದದ್ದು ಮುಖ್ಯವಾಗಿ ಈ ಖಾಲಿ ಜಾಗದ ಲೆಕ್ಕದಲ್ಲಿ. 4+__=11 ಅನ್ನುವುದನ್ನು ತಲೆಯೊಳಗೇ ಆಚೀಚೆ ಸರಿಸಿ 11-4 ಅಂತ ಮಾಡಿಕೊಳ್ಳಬೇಕಲ್ವಾ, ಅದಕ್ಕೆ ಈ ಅಭ್ಯಾಸ ಸಹಾಯ ಮಾಡಿರಬೇಕು ಅಂತ ಅವರ ಊಹೆ.

ಆದರೆ ದುಡ್ಡು ಕಟ್ಟುವ ಮೊದಲು ಇದನ್ನೂ ಕೇಳಿ. ಮಾರನೇ ವರ್ಷ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಅದೇ ವಯಸ್ಸಿನ ಮಕ್ಕಳಿಗೆ ಆರು ವಾರ ಐಪ್ಯಾಡ್‌ನಲ್ಲಿ ಆಡಿಸಿದರು. ಆಕಾರ ತಿರುಗಿಸುವುದನ್ನು ಚೆನ್ನಾಗಿ ಕಲಿತರು, ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಇಂಥ 29 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಗಣಿತಕ್ಕೆ ಪ್ರಯೋಜನ ಇದೆ, ದೊಡ್ಡದೇನಲ್ಲ, ಕೈಯಲ್ಲಿ ಹಿಡಿಯುವ ವಸ್ತು ಬಳಸಿದ ಕಡೆ ಜಾಸ್ತಿ ಅಂತ ಬಂತು. ಮೂರು ತಿಂಗಳಲ್ಲಿ ಗಣಿತ ಸುಲಭ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಬದಿಯಡ್ಕದ ಅಪ್ಪ:
ಹಾಗಾದರೆ ಆಟದ ಸಾಮಾನು ಕೊಟ್ಟು ಕೂರಿಸಿದರೆ ಸಾಕಾ? ನನ್ನ ಮಗ ಇಡೀ ದಿನ ಬ್ಲಾಕ್ ಜೋಡಿಸುತ್ತಾನೆ. ಲೆಕ್ಕದಲ್ಲಿ ಅಲ್ಲೇ ಇದ್ದಾನೆ.

ಕುಂಬಳೆ ಟೀಚರ್:
ಸುಮ್ನೆ ಆಡಿದರೆ ಸಾಲದು, ಪಕ್ಕದಲ್ಲಿ ಕೂತು ಮಾತಾಡಬೇಕು. ಕೈ ಹಾಕುವ ಮೊದಲು "ಏನಾಗಬಹುದು ಹೇಳು" ಅಂತ ಕೇಳಬೇಕು. ಕಾಗದ ಒಂದು ಸಲ ಮಡಚಿ ತೂತು ಮಾಡಿ, ಬಿಡಿಸಿದರೆ ಎಷ್ಟು ತೂತು? ಎರಡು ಸಲ ಮಡಚಿದರೆ? ಮೊದಲು ಉತ್ತರ, ಆಮೇಲೆ ಬಿಡಿಸಿ ನೋಡಲಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಮನೆಯಲ್ಲಿ ಅಜ್ಜನ ಜೊತೆ ಅಡಿಕೆ ಹಾಳೆ ಮಡಚಿ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಮಾಡುತ್ತಿದ್ದ. ಚಪ್ಪಟೆ ಹಾಳೆಯ ಯಾವ ಮೂಲೆ ಎಲ್ಲಿಗೆ ಬರುತ್ತದೆ ಅಂತ ಮಡಚುವ ಮೊದಲೇ ಬೆರಳಿಟ್ಟು ತೋರಿಸುತ್ತಿದ್ದ. ಅವನಿಗೆ ಲೆಕ್ಕ ಕಷ್ಟವೇ ಆಗಿತ್ತು, ಹಾಗಾಗಿ ನಾನು ಅವನ ಮಡಚುವ ಮಾತನ್ನೇ ಲೆಕ್ಕಕ್ಕೆ ತಂದೆ, "ಈ 11ನ್ನು 4ರ ಗೆರೆಯಲ್ಲಿ ಮಡಚು, ಆ ಕಡೆ ಎಷ್ಟು ಉಳಿಯಿತು?" ಅಂತ. ಹನ್ನೊಂದು ಚೌಕದ ಕಾಗದದ ಪಟ್ಟಿ ಅದು, ಬೇರೆ ಏನೂ ಅಲ್ಲ.

ಮನೆಯಲ್ಲಿ ಚೆನ್ನೆಮಣೆ (ಅಳಗುಳಿ ಮಣೆ) ಇದ್ದರೆ ಅಟ್ಟದಿಂದ ಇಳಿಸಿ. 14 ಗುಳಿ, ಒಂದೊಂದರಲ್ಲಿ 4 ಕಾಳು. ಈ ಗುಳಿಯದ್ದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕಿದರೆ ಕೊನೇ ಕಾಳು ಎಲ್ಲಿ ಬೀಳುತ್ತದೆ ಅಂತ ಮೊದಲೇ ತೋರಿಸಲು ಹೇಳಿ. ತುಳುವಿನಲ್ಲೇ ಮಾತಾಡಿ, ಮಲಯಾಳದಲ್ಲೇ ಮಾತಾಡಿ, ಮನೆಯ ಭಾಷೆ ಯಾವುದೋ ಅದು. ಮೇಲೆ, ಕೆಳಗೆ, ಓರೆ, ಅಂಚು, ಮಧ್ಯೆ ಅನ್ನುವ ಮಾತು ಮಗುವಿನ ಕಿವಿಗೆ ಬೀಳಬೇಕು. ಮತ್ತೆ, ಬದಿಯಡ್ಕದವರೇ, ಮಗನನ್ನು ಬ್ಲಾಕ್‌ನಿಂದ ಎಬ್ಬಿಸಬೇಡಿ. ನೀವೂ ನೆಲದಲ್ಲಿ ಕೂತುಕೊಳ್ಳಿ, ಅಷ್ಟೇ.

ಪೆರ್ಲದ ಅಮ್ಮ:
ಟೀಚರ್, ನಿನ್ನೆ ರಾತ್ರಿ ಪಟ್ಟಿ ಮಾಡಿದೆ. 4ರ ಗೆರೆಯಲ್ಲಿ ಮಡಚಿ ಆ ಕಡೆ ಎಣಿಸಿ 7 ಅಂದಳು. ಆಮೇಲೆ 6+__=13ಕ್ಕೆ ತಾನೇ ಇನ್ನೆರಡು ಚೌಕ ಅಂಟಿಸಿಕೊಂಡಳು, ನಾನು ಹೇಳಿರಲಿಲ್ಲ. ಪಟ್ಟಿ ತೆಗೆದಿಟ್ಟು ಬರೀ ಪುಸ್ತಕದಲ್ಲಿ ಕೊಟ್ಟರೆ ಈಗಲೂ ಒಮ್ಮೆ ಸರಿ, ಒಮ್ಮೆ ತಪ್ಪು. ಪಟ್ಟಿಯನ್ನು ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು? ಕ್ಲಾಸಿಗೆ ಬರುವುದಿಲ್ಲ ಅಂತ ಫೋನ್ ಮಾಡಿ ಹೇಳಿದೆ.

ಕುಂಬಳೆ ಟೀಚರ್:
ಅವಳೇ ಬಿಡಲಿ. ಮಡಚುವ ಮೊದಲೇ ಉತ್ತರ ಹೇಳಲು ಶುರು ಮಾಡುತ್ತಾಳೆ, ಆಗ ಪಟ್ಟಿಯನ್ನು ಸರಿಯೋ ತಪ್ಪೋ ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ.