ನಾಲ್ಕು ರ್ಯಾಮ್ ಸ್ಟಿಕ್ ಹಾಕಿದ ಮೇಲೆ ನೀಲಿ ಸ್ಕ್ರೀನ್: ಕೆಟ್ಟಿರುವುದು ಯಾವುದು?

ಪ್ರಶ್ನೆ

ಡೆಸ್ಕ್‌ಟಾಪ್‌ನಲ್ಲಿ 8 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್ ಇದ್ದವು. ಅದೇ ಮಾಡೆಲ್ ನಂಬರಿನ ಇನ್ನೊಂದು ಜೋಡಿ ಸೇರಿಸಿ 32 ಜಿಬಿ ಮಾಡಲಾಗಿದೆ. ಪ್ರೊಸೆಸರ್ ರೈಜೆನ್ 3000 ಸರಣಿಯದು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್ಯಾಮನ್ನು ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದೆ. ಈಗ ದಿನಕ್ಕೆ ಎರಡು ಮೂರು ಸಲ ನೀಲಿ ಸ್ಕ್ರೀನ್. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂದರೆ ಇನ್ನೊಮ್ಮೆ ಪೇಜ್ ಫಾಲ್ಟ್ ಅಂತ. ಬ್ರೌಸರ್ ಟ್ಯಾಬ್‌ಗಳು ತಾವಾಗಿಯೇ ಕ್ರ್ಯಾಶ್ ಆಗುತ್ತವೆ. ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್ (ಫೈಲ್ ಹಾಳಾಗಿದೆ ಎಂಬ ಸೂಚನೆ), ಅದನ್ನೇ ಮತ್ತೆ ಬಿಚ್ಚಿದರೆ ಸರಿ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ಇದೇ ಕಥೆ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಮಾತ್ರ ದೋಷವಿಲ್ಲ ಎನ್ನುತ್ತದೆ. ಹಾಗಾದರೆ ರ್ಯಾಮ್ ಸರಿ ಇದೆ ಅಂತ ತಿಳಿಯಬಹುದೇ?

ಉತ್ತರ 1

ತಿಳಿಯಬಾರದು. ಆ ಟೂಲ್ ತಾನಾಗಿ ಮಾಡುವುದು ಸ್ಟ್ಯಾಂಡರ್ಡ್ ಪರೀಕ್ಷೆಯ ಎರಡೇ ಪಾಸ್, ಅಂದರೆ ಎರಡೇ ಸುತ್ತು. ಅದು ದೋಷ ಇದೆ ಅಂದರೆ ನಂಬಿ, ಇಲ್ಲ ಅಂದರೆ ನಂಬಬೇಡಿ. ಒಂದೇ ಫೈಲ್ ಒಮ್ಮೆ ಕೆಟ್ಟು ಮತ್ತೊಮ್ಮೆ ಸರಿ ಬರುತ್ತಿದೆ ಅಂದರೆ ಡಿಸ್ಕ್‌ನಲ್ಲಿರುವ ಪ್ರತಿ ಚೆನ್ನಾಗಿದೆ, ಓದಿಕೊಂಡ ಮೇಲೆ ದಾರಿಯಲ್ಲಿ ಹಾಳಾಗುತ್ತಿದೆ. ಮೊದಲ ಅನುಮಾನ ರ್ಯಾಮ್ ಮೇಲೆಯೇ.

ಈಗಲೇ ಮಾಡಬೇಕಾದದ್ದು ಒಂದಿದೆ: ಈ ಯಂತ್ರದಿಂದ ಹಳೆಯ ಬ್ಯಾಕಪ್ ಮೇಲೆ ಹೊಸ ಬ್ಯಾಕಪ್ ಬರೆಯಬೇಡಿ. ಕಾಪಿ ಆಗುವ ಫೈಲ್ ರ್ಯಾಮ್ ಮೂಲಕವೇ ಹೋಗುತ್ತದೆ, ಕೆಟ್ಟದ್ದು ಸದ್ದಿಲ್ಲದೆ ಬ್ಯಾಕಪ್‌ಗೂ ಸೇರುತ್ತದೆ. ವಿಂಡೋಸ್ ಅಪ್‌ಡೇಟ್ ಕೂಡ ನಿಲ್ಲಿಸಿಡಿ.

ಇನ್ನು ಪರೀಕ್ಷೆ. ಇನ್ನೊಂದು ಕಂಪ್ಯೂಟರಿನಲ್ಲಿ ರ್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್‌ನ ಬೂಟ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಬಯೋಸ್ ಮುಟ್ಟುವ ಮುಂಚೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಬಯೋಸ್ ಸೆಟ್ಟಿಂಗ್) ಬದಲಿಸಿದರೆ ಅದು ಕೀ ಕೇಳುತ್ತದೆ. ಆಮೇಲೆ ಎಕ್ಸ್‌ಎಂಪಿ ಆಫ್ ಮಾಡಿ, ನಾಲ್ಕೂ ಸ್ಟಿಕ್ ಇಟ್ಟುಕೊಂಡೇ ರಾತ್ರಿಯಿಡೀ ಓಡಿಸಿ, ನಾಲ್ಕು ಪಾಸ್ ಮುಗಿಯಲಿ.

ಒಂದು ಪಾಸ್‌ಗೇ ನಿಲ್ಲಿಸಬೇಡಿ ಎನ್ನುವುದಕ್ಕೆ ಕಾರಣವಿದೆ. ರ್ಯಾಮ್‌ನ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜ್. ಅದು ಸೋರುತ್ತಲೇ ಇರುತ್ತದೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸೆಲ್‌ಗಳನ್ನೂ ರಿಫ್ರೆಶ್ ಮಾಡುತ್ತಾರೆ. ಬಿಸಿ ಏರಿದಂತೆ ಸೋರಿಕೆ ಹೆಚ್ಚು. ತಣ್ಣಗಿರುವಾಗ ಪಾಸ್ ಆಗುವ ದುರ್ಬಲ ಸೆಲ್, ಚಿಪ್ ಕಾದ ಮೇಲೆ ಮೂರನೇ ಪಾಸ್‌ನಲ್ಲಿ ಕೈಕೊಡುತ್ತದೆ. ಕ್ಯಾಬಿನೆಟ್ ಮುಚ್ಚಿಟ್ಟೇ ಪರೀಕ್ಷಿಸಿ.

ಎಷ್ಟು ಎರರ್ ಬಂದರೆ ಪರವಾಗಿಲ್ಲ ಎಂಬ ಲೆಕ್ಕವಿಲ್ಲ. ಒಂದೇ ಒಂದು ಬಂದರೂ ಅದು ಫೇಲ್.

ಉತ್ತರ 2

ಮೇಲಿನದೆಲ್ಲ ಸರಿ, ಆದರೆ ಎರರ್ ಬಂತು ಅಂದ ಕೂಡಲೇ ಸ್ಟಿಕ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಡಬ್ಬಿಯ ಮೇಲೆ 3200 ಎಂದು ಬರೆದಿರುವುದು ಆ ಎರಡು ಸ್ಟಿಕ್‌ಗಳ ಜೋಡಿಗೆ ಮಾತ್ರ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಜೊತೆಗೆ ರೈಜೆನ್ 3000ಕ್ಕೆ ಎರಡು ಸ್ಟಿಕ್ ಇದ್ದರೆ ಅಧಿಕೃತ ವೇಗ 3200. ರ‍್ಯಾಂಕ್ ಎಂದರೆ ಸ್ಟಿಕ್ಕಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು. ನಾಲ್ಕು ಸಿಂಗಲ್ ರ‍್ಯಾಂಕ್ ಸ್ಟಿಕ್ ತುಂಬಿದರೆ 2933, ನಾಲ್ಕೂ ಡ್ಯುಯಲ್ ರ‍್ಯಾಂಕ್ ಆದರೆ 2667. ಎಕ್ಸ್‌ಎಂಪಿ ಆನ್ ಇದ್ದಾಗ ಮಾತ್ರ ಎರರ್, ಆಫ್ ಮಾಡಿದರೆ ಇಲ್ಲ ಅಂತಾದರೆ ವೇಗವನ್ನು ಕೈಯಾರೆ 2933ಕ್ಕೋ 2667ಕ್ಕೋ ಇಳಿಸಿ, ವೋಲ್ಟೇಜ್ 1.35ರಲ್ಲೇ ಇರಲಿ. ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ.

ಎಕ್ಸ್‌ಎಂಪಿ ಆಫ್ ಇದ್ದಾಗಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಪರೀಕ್ಷಿಸಬೇಕು. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ, ನಂತರ ಸ್ಟಿಕ್ ತೆಗೆಯಿರಿ. ಅಂಚು ಹಿಡಿದೇ ಎತ್ತಿ. ಅಂಟುವ ಟೇಪಿನ ಮೇಲೆ 1, 2, 3, 4 ಬರೆದು ಹಚ್ಚಿ; ಮೂರನೇ ಸುತ್ತಿಗೆ ಯಾವುದು ಯಾವುದು ಎಂದು ಗೊತ್ತಾಗದೆ ಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಒಂದೇ ಸ್ಟಿಕ್ ಹಾಕುವಾಗ ಎ2 ಸ್ಲಾಟ್, ಅಂದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು. ಎರಡು ತುದಿಗೂ ಸಮನಾಗಿ ಒತ್ತಿ, ಚಿಲಕ ಟಕ್ ಅನ್ನಬೇಕು. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಚಿಲಕ, ಇನ್ನೊಂದು ತುದಿ ಕೂತಿದೆಯೋ ಇಲ್ಲವೋ ಕಣ್ಣಿಟ್ಟು ನೋಡಬೇಕು.

ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಬೇಡಿ, ಅದರ ಪುಡಿ ಸ್ಲಾಟ್‌ಗೆ ಇಳಿಯುತ್ತದೆ. ಐಸೊಪ್ರೊಪಿಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಪೂರ್ತಿ ಒಣಗುವ ತನಕ ತಾಳ್ಮೆ, ಇಷ್ಟು ಸಾಕು.

ಪ್ರಶ್ನೆ ಕೇಳಿದವರು

ಫಲಿತಾಂಶ ಹೀಗಿದೆ. ಎಕ್ಸ್‌ಎಂಪಿ ಆಫ್, ನಾಲ್ಕೂ ಸ್ಟಿಕ್: ಮೂರನೇ ಪಾಸ್‌ನಲ್ಲಿ 2 ಎರರ್. ಒಂದೊಂದಾಗಿ ನೋಡಿದಾಗ 1, 2, 4 ತಲಾ ನಾಲ್ಕು ಪಾಸ್ ಕ್ಲೀನ್. 3ನೆಯದಕ್ಕೆ ಎರರ್. ಪ್ರತಿ ಸಲವೂ ನಿರೀಕ್ಷಿತ 00000000, ಬಂದದ್ದು 00000400. ವಿಂಡೋಸ್‌ಗೆ ಆ ವಿಳಾಸ ಬಳಸಬೇಡ ಎಂದು ಹೇಳುವ ಉಪಾಯ ಇದೆಯಂತೆ, ಅದು ಸಾಕಾಗುತ್ತದೆಯೇ?

ಉತ್ತರ 2

ಬಹಳ ಅನುಕೂಲದ ವಿವರ ಕೊಟ್ಟಿದ್ದೀರಿ. ಆ 400 ಹೆಕ್ಸ್ (16ರ ಆಧಾರದ) ಸಂಖ್ಯೆ, ಬಿಡಿಸಿದರೆ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿದೆ. ಸಲಸಲವೂ ಅದೇ ಬಿಟ್ ಅಂದರೆ ಸೆಲ್ ಅಥವಾ ಆ ಬಿಟ್ ಸಾಗುವ ತಂತಿ. ವೇಗ ಅಥವಾ ವೋಲ್ಟೇಜ್ ತೊಂದರೆಯಾಗಿದ್ದರೆ ಬಿಟ್‌ಗಳೂ ವಿಳಾಸಗಳೂ ಚದುರಿ ಬರುತ್ತಿದ್ದವು.

ಇನ್ನೊಂದೇ ಹೆಜ್ಜೆ ಬಾಕಿ: 3ನೇ ಸ್ಟಿಕ್ಕನ್ನು ಬಿ2 ಸ್ಲಾಟ್‌ಗೆ (ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ನಾಲ್ಕನೆಯದು) ಹಾಕಿ ಓಡಿಸಿ. ಅಲ್ಲೂ ಅದೇ ಬಂದರೆ ತಪ್ಪು ಸ್ಟಿಕ್ಕಿನದೇ. ಬರದಿದ್ದರೆ ಮತ್ತೆ ಎ2ಗೆ ತಂದು ಕೂರಿಸಿ ನೋಡಿ, ಮೊದಲ ಸಲ ಸರಿಯಾಗಿ ಕೂತಿರದೆ ಇದ್ದಿರಬಹುದು. (ಎಲ್ಲ ಸ್ಟಿಕ್ಕೂ ಒಂದೇ ಸ್ಲಾಟ್‌ನಲ್ಲಿ ಕೆಟ್ಟಿದ್ದರೆ ಮಾತು ಬೇರೆ, ಆಗ ಸ್ಲಾಟ್, ಪ್ರೊಸೆಸರ್ ಪಿನ್, ಅತಿ ಬಿಗಿದ ಕೂಲರ್ ನೋಡಬೇಕಿತ್ತು.)

ವಿಳಾಸ ಬಿಟ್ಟು ನಡೆಸುವ ಉಪಾಯ ಇದೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ. ನಿಮಗೆ ಬೇಡ. ಒಂದೇ ಸ್ಟಿಕ್ ಇದ್ದಾಗ ಕಂಡ ವಿಳಾಸ, ಎರಡು ಚಾನೆಲ್ (ರ್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿ) ಹೆಣೆದುಕೊಂಡಾಗ ಬೇರೆ ಕಡೆ ಹೋಗಿ ಕೂರುತ್ತದೆ. ಬಿಸಿ ಹೆಚ್ಚಿದರೆ ಪಕ್ಕದ ಸೆಲ್‌ಗಳೂ ಕೆಡಬಹುದು. ಸ್ಟಿಕ್ ಬದಲಿಸಿ.

ಉತ್ತರ 1

ಬಿ2ನಲ್ಲೂ ಅದೇ ಬಂದರೆ ಮೆಮ್‌ಟೆಸ್ಟ್ ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಂಡು ವಾರಂಟಿಗೆ ಕಳಿಸಿ. ಜೋಡಿಯಾಗಿ ಮಾರಿದ್ದನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಕೇಳುತ್ತಾರೆ, ಆದ್ದರಿಂದ 3ರ ಜೊತೆಗಾರ ಸ್ಟಿಕ್ ಯಾವುದು ಎಂದು ಗುರುತು ಹಾಕಿ. ಅದು ಬರುವವರೆಗೆ ಉಳಿದ ಜೋಡಿ ಎ2, ಬಿ2ರಲ್ಲಿರಲಿ.

ಹೊಸದಾಗಿ ಹಾಕಿದ ವಿಂಡೋಸ್ ಬಗ್ಗೆ: ಅದು ಕೆಟ್ಟ ರ್ಯಾಮ್ ಮೇಲೆಯೇ ಇನ್‌ಸ್ಟಾಲ್ ಆಗಿದೆ. ಸ್ಟಿಕ್ ತೆಗೆದ ಮೇಲೆ ಇನ್ನೊಮ್ಮೆ ಮಾಡುವುದೇ ಒಳ್ಳೆಯದು. ಆಗದಿದ್ದರೆ ಅಡ್ಮಿನ್ ಕಮಾಂಡ್ ವಿಂಡೋದಲ್ಲಿ ಮೊದಲು ಡಿಸ್ಮ್ ರಿಸ್ಟೋರ್‌ಹೆಲ್ತ್, ನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ. ಇವು ಸಿಸ್ಟಂ ಫೈಲ್‌ಗಳನ್ನಷ್ಟೇ ಸರಿಪಡಿಸುತ್ತವೆ, ನಿಮ್ಮ ಫೋಟೋ, ದಾಖಲೆಗಳನ್ನಲ್ಲ. ನಾಲ್ಕು ಸ್ಟಿಕ್ ಇದ್ದ ದಿನಗಳಲ್ಲಿ ಬರೆದ, ತಿದ್ದಿದ, ಕಾಪಿ ಮಾಡಿದ ಫೈಲ್‌ಗಳನ್ನು ತಾರೀಖಿನ ಪ್ರಕಾರ ವಿಂಗಡಿಸಿ, ಒಂದೊಂದಾಗಿ ತೆರೆದು, ಹಳೆಯ ಬ್ಯಾಕಪ್‌ನ ಪ್ರತಿಯ ಜೊತೆ ಹೋಲಿಸಿ ನೋಡಿ.